ಅರಗಿನ ತಟ್ಟೆಯಲ್ಲಿ ಸಿಕ್ಕ ನಂಜನಗೂಡಿನ ದನಿ

ಹೈದರಾಬಾದಿನ ಹಳೆಯ ಮನೆಗಳಲ್ಲಿ ಗ್ರಾಮೊಫೋನ್ ಪ್ಲೇಟುಗಳ ಪೆಟ್ಟಿಗೆ ಉಳಿದಿದ್ದರೆ, ಅದರೊಳಗೆ ಒಂದೇ ಭಾಷೆಯ ಹಾಡುಗಳಿರುವುದು ಅಪರೂಪ. ನಿಜಾಮರ ಸಂಸ್ಥಾನವೇ ಹಾಗಿತ್ತು. ತೆಲಂಗಾಣದ ತೆಲುಗು, ಮರಾಠವಾಡದ ಮರಾಠಿ, ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡ, ಎಲ್ಲದರ ಮೇಲೆ ದರ್ಬಾರಿನ ಉರ್ದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು, 1956ರಲ್ಲಿ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಜಿಲ್ಲೆಗಳು ಹಂಚಿಹೋದವು, ಪೆಟ್ಟಿಗೆಗಳು ಹಾಗೇ ಉಳಿದವು. ಕಾಚಿಗುಡದ ಒಂದು ಕನ್ನಡ ಮನೆಯಲ್ಲಿ ನಾನು ಕಂಡ ಸಂಗ್ರಹ ಅಂಥದ್ದು. ಮನೆಯ ಹಿರಿಯರ ತಂದೆ ರಾಯಚೂರು ಕಡೆಯಿಂದ ನಿಜಾಮರ ರೈಲ್ವೆಯ ನೌಕರಿಗೆ ಬಂದವರು. 1916ರಲ್ಲಿ ಕಟ್ಟಿದ ಕಾಚಿಗುಡ ನಿಲ್ದಾಣದ ಗುಮ್ಮಟಗಳು ಕಾಣುವಷ್ಟು ಹತ್ತಿರ ಮನೆ ಮಾಡಿ, ಸಂಬಳದಲ್ಲಿ ಮಿಗಿಸಿದ ದುಡ್ಡನ್ನೆಲ್ಲ ಹಾಡಿಗೆ ಸುರಿದವರು. ಈಗ ಆ ಮನೆ ಅಪಾರ್ಟ್‌ಮೆಂಟಿಗೆ ಹೋಗುವುದಿತ್ತು. ಏನಿದೆ ಏನಿಲ್ಲ ನೋಡಿ ಒಂದು ಪಟ್ಟಿ ಮಾಡಿಕೊಡಿ ಎಂದು ಹಿರಿಯರು ಕೇಳಿದರು. ಹಳೆಯ ಹಾಡಿನ ಆಸೆಗೆ ನಾನು ಒಪ್ಪಿದೆ.

ಪಟ್ಟಿ ಮಾಡುವುದೇ ಒಂದು ಸಂಗೀತ ಕಛೇರಿ. ಸೈಗಲ್ ಪಕ್ಕದಲ್ಲಿ ಬಾಲಗಂಧರ್ವ, ಅವರಿಗೆ ಒರಗಿಕೊಂಡು ಅಬ್ದುಲ್ ಕರೀಂ ಖಾನ್. ಬೇಗಂ ಅಖ್ತರ್ ಆಗುವುದಕ್ಕೆ ಮೊದಲಿನ ಅಖ್ತರೀಬಾಯಿ ಫೈಜಾಬಾದಿ. ಟಂಗುಟೂರಿ ಸೂರ್ಯಕುಮಾರಿ, ಘಂಟಸಾಲ, ನಮ್ಮ ಕಾಳಿಂಗರಾಯರು, ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಗಾಂಧಾರಿ ಎಂಬ ಹೆಸರಿನ ಒಂದು ತಟ್ಟೆಯೂ ಇತ್ತು. ಅದು ಗಂಗೂಬಾಯಿ ಹಾನಗಲ್ಲರ ಎಳೆಯ ಕಾಲದ ಹೆಸರು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಗಡುಸಾಗುವ ಮೊದಲು ಅವರ ಕಂಠ ಎಷ್ಟು ತೆಳುವಾಗಿತ್ತು, ಎಷ್ಟು ಮೇಲಕ್ಕೆ ಹಾರುತ್ತಿತ್ತು ಎಂಬುದನ್ನು ಅಂಥ ತಟ್ಟೆಗಳಲ್ಲಿ ಮಾತ್ರ ಕೇಳಬಹುದು. ಅದನ್ನು ಕೇಳಿ ಮುಗಿಸಿದ ಮೇಲೆ ಹುಬ್ಬಳ್ಳಿಯ ಆ ತಾಯಿಯ ಮೇಲಿನ ಗೌರವ ನನಗೆ ಇನ್ನೂ ಹೆಚ್ಚಿತು. ಒಂದು ದನಿ ಹೋದರೆ ಇನ್ನೊಂದರಲ್ಲಿ ಪೂರ್ತಿ ಬದುಕಿ ತೋರಿಸಿದವರು ಅವರು.

ಪೆಟ್ಟಿಗೆಯ ತಳದಲ್ಲಿ ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿದ ಒಂದು ತಟ್ಟೆ ಇತ್ತು. ಲೇಬಲ್ಲು ಅರ್ಧ ಕಿತ್ತುಹೋಗಿ, ಹಾಡು ಯಾವುದು, ರಾಗ ಯಾವುದು ಎಂದು ಓದಲು ಬರುತ್ತಿರಲಿಲ್ಲ. ಉಳಿದಿದ್ದದ್ದು ಹೆಸರು. ಬೆಂಗಳೂರು ನಾಗರತ್ನಮ್ಮ.

ಆ ಕಾಲದಲ್ಲಿ ಹಾಡು ತಟ್ಟೆಗಿಳಿಯುತ್ತಿದ್ದ ಬಗೆಯನ್ನು ಇಲ್ಲಿ ಹೇಳಬೇಕು. ವಿದ್ಯುತ್ತಿನ ಮೈಕು ರೆಕಾರ್ಡಿಂಗಿಗೆ ಬಂದದ್ದು 1925ರ ಸುಮಾರಿಗೆ. ಅದಕ್ಕೆ ಮೊದಲು ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಕಂಪನವೇ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ತಲೆ ಅಲುಗಿಸುವ ಹಾಗಿಲ್ಲ, ತಪ್ಪಿದರೆ ತಿದ್ದುವ ಹಾಗಿಲ್ಲ, ಮೂರು ನಾಲ್ಕು ನಿಮಿಷದೊಳಗೆ ಎಲ್ಲ ಮುಗಿಯಬೇಕು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಗುವ ತನಕ ಗ್ರಾಮೊಫೋನ್ ಕಂಪನಿಯವರು ಇಲ್ಲಿ ಕೊರೆದದ್ದನ್ನು ಜರ್ಮನಿಯ ಹ್ಯಾನೋವರಿಗೆ ಕಳಿಸಿ, ಅರಗಿನ ತಟ್ಟೆಗಳಾಗಿ ಅಚ್ಚೊತ್ತಿಸಿ ತರಿಸುತ್ತಿದ್ದರು. ದೊಡ್ಡ ವಿದ್ವಾಂಸರನೇಕರು ಈ ಯಂತ್ರದ ಹತ್ತಿರ ಸುಳಿಯಲಿಲ್ಲ. ಹಾಡಿದರೆ ದನಿ ಹೋಗುತ್ತದೆಂಬ ಭಯ ಕೆಲವರಿಗೆ, ಕಂಡಕಂಡ ಕಡೆ ತಮ್ಮ ಹಾಡು ಮೊಳಗುತ್ತದೆಂಬ ಅಂಜಿಕೆ ಇನ್ನು ಕೆಲವರಿಗೆ. ಮುಂದೆ ಬಂದವರು ಹೆಣ್ಣುಮಕ್ಕಳು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದರು. ಕೊನೆಗಾಲದಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡ ಅದೇ ಗೌಹರ್ ಜಾನ್. ದಕ್ಷಿಣದಲ್ಲಿ ಸೇಲಂ ಗೋದಾವರಿ, ಕೊಯಮತ್ತೂರು ತಾಯಿ, ನಾಗರತ್ನಮ್ಮ. ಹೆಚ್ಚಿನವರು ದೇವದಾಸಿ ಮನೆತನದವರು, ಊರಿನ ಮಾತಿಗೆ ಹೆದರಿ ಕೂರುವ ಅಭ್ಯಾಸವಿಲ್ಲದವರು. ನಮ್ಮ ದೇಶದ ಧ್ವನಿಮುದ್ರಣದ ಚರಿತ್ರೆಗೆ ಅಡಿಪಾಯ ಹಾಕಿದವರು ಇವರು. ಇದನ್ನು ಶಾಲೆಯ ಪುಸ್ತಕಗಳಲ್ಲಿ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಿರಿಯರ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆ ಇನ್ನೂ ಕೆಲಸ ಮಾಡುತ್ತಿತ್ತು. ಉಕ್ಕಿನ ಹೊಸ ಮುಳ್ಳು ಹಾಕಿ ತಟ್ಟೆಯ ಮೇಲಿಟ್ಟೆ. ಮೊದಲು ಬರೀ ಕರಕರ. ಅದರೊಳಗಿಂದ ಪಿಟೀಲಿನ ಎಳೆ. ಆಮೇಲೆ ಆ ದನಿ. ಹೆಣ್ಣುದನಿಯೆಂದರೆ ನಯ, ಸಣ್ಣ, ಸಿಹಿ ಎಂದು ಸಿನಿಮಾ ನಮ್ಮ ಕಿವಿಗೆ ಕಲಿಸಿದ ಪಾಠವೆಲ್ಲ ಅಲ್ಲಿ ನಿಲ್ಲಲಿಲ್ಲ. ತುಂಬಿದ, ತೆರೆದ ಗಂಟಲು. ಸ್ವಲ್ಪ ಗಂಡುದನಿಯ ತೂಕ. ಒಂದೊಂದು ಅಕ್ಷರವನ್ನೂ ಪೂರ್ತಿ ಉಚ್ಚರಿಸಿ, ಅರ್ಥ ಕೇಳುವವನಿಗೆ ಮುಟ್ಟಿತೆಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ ಹೋಗುವ ತೆಲುಗು. ಸಾಹಿತ್ಯ ಓದಿಕೊಂಡವರ ಹಾಡಿಗೆ ಒಂದು ಬೇರೆ ನಡಿಗೆ ಇರುತ್ತದೆ. ಮಾತು ಎಲ್ಲಿ ಮುರಿಯಬೇಕು, ಎಲ್ಲಿ ಮುರಿಯಬಾರದು ಎಂಬುದು ಅವರಿಗೆ ತಾಳಕ್ಕಿಂತ ಮೊದಲೇ ಗೊತ್ತಿರುತ್ತದೆ. ಕಿವಿಗೆ ಬಿದ್ದದ್ದು ಮೂರೇ ನಿಮಿಷ. ಈ ಹೆಂಗಸು ಓದಿದವಳು ಎಂದು ಅಷ್ಟರಲ್ಲೇ ತಿಳಿಯುತ್ತಿತ್ತು.

ನಾಗರತ್ನಮ್ಮನವರ ಬಗ್ಗೆ ನನಗೆ ಗೊತ್ತಿದ್ದದ್ದು ಸಂಗೀತ ಕೇಳುವ ಎಲ್ಲ ಕನ್ನಡಿಗರಿಗೂ ಗೊತ್ತಿರುವಷ್ಟೇ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಭಕ್ತೆ, ಒಡವೆ ವಸ್ತು ಮಾರಿ ಕಟ್ಟಿಸಿದರು ಎಂಬ ಕತೆ. ತ್ಯಾಗರಾಜರ ಆರಾಧನೆ ನಡೆಯುವ ಪುಷ್ಯ ಬಹುಳ ಪಂಚಮಿಯ ದಿನ ಆಕಾಶವಾಣಿಯಲ್ಲಿ ಪಂಚರತ್ನ ಕೃತಿಗಳ ಗೋಷ್ಠಿಗಾಯನ ಬರುವಾಗ ಯಾರಾದರೂ ಆ ಹೆಸರು ತೆಗೆದು ಕೈಮುಗಿಯುವುದನ್ನು ನೋಡಿದ್ದೆ. ಆದರೆ ತೆಲುಗು ಸಾಹಿತ್ಯ ಪಾಠ ಮಾಡುವ ನಲ್ಲಕುಂಟದ ಸ್ನೇಹಿತೆಯೊಬ್ಬರಿಗೆ ಈ ತಟ್ಟೆಯ ಸುದ್ದಿ ಹೇಳಿದಾಗ ಅವರು ತಿರುವಯ್ಯಾರಿನ ಹೆಸರೇ ಎತ್ತಲಿಲ್ಲ. ಅವರ ಬಾಯಿಂದ ಥಟ್ಟನೆ ಬಂದದ್ದು, "ರಾಧಿಕಾ ಸಾಂತ್ವನಮು ನಾಗರತ್ನಮ್ಮನಾ?" ಎಂದು. ಕನ್ನಡದಲ್ಲಿ ಕೈಮುಗಿಸಿಕೊಂಡ ಹೆಂಗಸು ತೆಲುಗಿನಲ್ಲಿ ಜಗಳಕ್ಕೆ ನಿಂತ ಹೆಂಗಸಾಗಿ ನೆನಪಿನಲ್ಲಿದ್ದರು. ಅವರ ಬದುಕಿನ ಇನ್ನೊಂದು ಅರ್ಧ ನನಗೆ ಸಿಕ್ಕಿದ್ದು ಹೀಗೆ, ಈ ಊರಿನಲ್ಲಿ.

ಈ ಊರಿನಲ್ಲೇ ಸಿಗಬೇಕಾದ್ದೂ ಆಗಿತ್ತು. 1980ರ ದಶಕದಲ್ಲಿ ಹೈದರಾಬಾದಿನ ಸೂಸಿ ತಾರು ಮತ್ತು ಕೆ. ಲಲಿತಾ ಭಾರತದ ಹೆಣ್ಣುಮಕ್ಕಳ ಬರಹವನ್ನು ಕ್ರಿಸ್ತಪೂರ್ವದಿಂದ ಇಂದಿನವರೆಗೆ ಹುಡುಕಿ ಒಟ್ಟುಗೂಡಿಸುವ ಕೆಲಸಕ್ಕೆ ಕೈಹಾಕಿದರು. ವಿಮೆನ್ ರೈಟಿಂಗ್ ಇನ್ ಇಂಡಿಯಾ ಎಂಬ ಆ ಎರಡು ಸಂಪುಟಗಳು 1991ರಲ್ಲಿ ಮತ್ತು 1993ರಲ್ಲಿ ಹೊರಬಂದವು. ಮೊದಲ ಸಂಪುಟದ ಪೀಠಿಕೆ ಶುರುವಾಗುವುದೇ ನಾಗರತ್ನಮ್ಮನವರಿಂದ. ಅಷ್ಟು ದೊಡ್ಡ ದೇಶದ, ಅಷ್ಟು ಭಾಷೆಗಳ, ಅಷ್ಟು ಶತಮಾನಗಳ ಹೆಣ್ಣುಬರಹದ ಕತೆ ಹೇಳಲು ಹೊರಟವರು ಬಾಗಿಲಲ್ಲಿ ನಿಲ್ಲಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಗಾಯಕಿಯನ್ನು. ಇದನ್ನು ಓದಿದಾಗ ನನಗೆ ಹೆಮ್ಮೆಯಾಯಿತು. ಹೆಮ್ಮೆಗಿಂತ ಹೆಚ್ಚಾಗಿ, ನಮ್ಮವರ ಬಗ್ಗೆ ಇದನ್ನು ನಮ್ಮ ಭಾಷೆಯಲ್ಲಿ ಮೊದಲು ಕೇಳಬೇಕಿತ್ತಲ್ಲ ಎಂದು ಮನಸ್ಸು ನೊಂದಿತು.

ಅವರು ಹುಟ್ಟಿದ್ದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು, ತಂದೆ ವಕೀಲ ಸುಬ್ಬರಾವ್. ಆತ ಕೈಬಿಟ್ಟ ಮೇಲೆ ತಾಯಿ ಮಗುವನ್ನು ಕಟ್ಟಿಕೊಂಡು ಮೈಸೂರಿಗೆ ಬಂದರು. ಅಲ್ಲಿ ಗಿರಿಭಟ್ಟರ ತಮ್ಮಯ್ಯನವರ ಹತ್ತಿರ ಹುಡುಗಿಗೆ ಸಂಸ್ಕೃತ, ಸಂಗೀತ. ಆ ಆಶ್ರಯವೂ ಕಹಿಯಾಗಿ ತಪ್ಪಿಹೋಯಿತು. ಆಮೇಲೆ ಬೆಂಗಳೂರು, ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರ ಪಾಠ. ಹಾಡು, ಪಿಟೀಲು, ನೃತ್ಯ, ಕನ್ನಡ, ತೆಲುಗು, ಸಂಸ್ಕೃತ, ಜೊತೆಗೆ ಇಂಗ್ಲಿಷು. ಹದಿನೈದರ ಹೊತ್ತಿಗೆ ವಿದ್ವಾಂಸರ ಸಭೆಯೆದುರು ನಿಂತಾಗಿತ್ತು. ಮೈಸೂರಿನ ನ್ಯಾಯಾಧೀಶ ನರಹರಿರಾಯರು ಅವರ ಪೋಷಕರಾಗಿದ್ದರು. ಬೆಂಗಳೂರಿನಲ್ಲಿ ಇವತ್ತಿಗೂ ನರಹರಿರಾಯನ ಗುಡ್ಡ ಎನ್ನುವುದು ಅವರ ಹೆಸರಿನಲ್ಲೇ. ಅಲ್ಲಿಂದ ಮದ್ರಾಸು. ಕಛೇರಿ, ಹೆಸರು, ಸ್ವಂತ ಸಂಪಾದನೆಯ ಆಸ್ತಿ. ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆಯರಲ್ಲಿ ಅವರೊಬ್ಬರು ಎಂದು ಸ್ಮರಿಸುತ್ತಾರೆ.

ಮದ್ರಾಸಿನಲ್ಲಿ ಓದುತ್ತ ಕುಳಿತಿದ್ದಾಗ ಅವರ ಕಣ್ಣಿಗೆ ಬಿದ್ದ ಹೆಸರು ಮುದ್ದುಪಳನಿ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ದೇವದಾಸಿ ಕವಯಿತ್ರಿ. ಅವಳ ರಾಧಿಕಾ ಸಾಂತ್ವನಮು ನಾಲ್ಕು ಆಶ್ವಾಸಗಳ, 584 ಪದ್ಯಗಳ ಶೃಂಗಾರ ಕಾವ್ಯ. ರಾಧೆ ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಟ್ಟು, ಗಂಡಹೆಂಡಿರ ಬಾಳಿನ ಪಾಠವನ್ನೂ ಹೇಳಿಕೊಟ್ಟು, ಕೊನೆಗೆ ತನ್ನೊಳಗಿನ ಸಂಕಟ ತಡೆಯಲಾರದೆ ಉರಿಯುತ್ತಾಳೆ. ಕೃಷ್ಣ ಬಂದು ರಮಿಸಬೇಕಾಗುತ್ತದೆ. ವಯಸ್ಸಾದ ಹೆಣ್ಣಿನ ಆಸೆಯನ್ನು ಇಷ್ಟು ನೇರವಾಗಿ ಹೇಳಿದ ಕಾವ್ಯ ನಮ್ಮ ಭಾಷೆಗಳಲ್ಲಿ ಹೆಚ್ಚಿಲ್ಲ. ನಾಗರತ್ನಮ್ಮನವರಿಗೆ ಸಿಕ್ಕ ಅಚ್ಚಿನ ಪ್ರತಿಯಲ್ಲಿ ಪದ್ಯಗಳು ಬಿಟ್ಟುಹೋಗಿದ್ದವು. ಕವಯಿತ್ರಿ ತನ್ನ ಅಜ್ಜಿ ತಾಯಂದಿರ ವಂಶವನ್ನು ಹೇಳಿಕೊಂಡ ಪೀಠಿಕೆಯೇ ಇರಲಿಲ್ಲ. ಅವರು ಹಸ್ತಪ್ರತಿ ಹುಡುಕಿಸಿ, ಪಾಠ ಹೋಲಿಸಿ, ಕೈಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಮೂಲಕ ಅಚ್ಚು ಹಾಕಿಸಿದರು. ತಾನೂ ಅದೇ ಕುಲದಲ್ಲಿ ಹುಟ್ಟಿದವಳು, ಆದ್ದರಿಂದ ಇದು ತನ್ನ ಹೊಣೆ ಎಂದು ಮುಚ್ಚುಮರೆಯಿಲ್ಲದೆ ಬರೆದುಕೊಂಡರು.

ಅವರ ಮುನ್ನುಡಿಯೇ ಒಂದು ಕೃತಿ. ಅವರು ಎದುರು ಹಾಕಿಕೊಂಡದ್ದು ಸಣ್ಣ ಮನುಷ್ಯನನ್ನಲ್ಲ. ಕಂದುಕೂರಿ ವೀರೇಶಲಿಂಗಂ ಪಂತುಲು ಆಧುನಿಕ ತೆಲುಗು ಗದ್ಯವನ್ನು ರೂಪಿಸಿದವರು. ರಾಜಮಹೇಂದ್ರಿಯಲ್ಲಿ 1881ರಲ್ಲಿ ವಿಧವಾ ವಿವಾಹ ಮಾಡಿಸಿ ಊರಿನ ಶಾಪ ಹೊತ್ತವರು, ಹುಡುಗಿಯರಿಗೆ ಶಾಲೆ ತೆರೆದವರು. ಅಂಥವರು ತಮ್ಮ ಆಂಧ್ರ ಕವುಲ ಚರಿತ್ರದಲ್ಲಿ ಮುದ್ದುಪಳನಿಯನ್ನು ನಡತೆಗೆಟ್ಟವಳೆಂದು ಕರೆದು, ಅವಳ ಪದ್ಯಗಳಲ್ಲಿ ಹಲವು ಹೆಣ್ಣಿನ ಬಾಯಲ್ಲಿ ಬರುವುದಿರಲಿ, ಹೆಣ್ಣಿನ ಕಿವಿಗೂ ಬೀಳಬಾರದವು ಎಂದು ಷರಾ ಹಾಕಿದ್ದರು. ನಾಗರತ್ನಮ್ಮ ಕೇಳಿದ ಪ್ರಶ್ನೆ ನೇರವಾದದ್ದು. ನಾಚಿಕೆ ಎಂಬುದು ಹೆಣ್ಣಿಗೆ ಮಾತ್ರ ಇರುವ ಗುಣವೆ, ಗಂಡಸಿಗೆ ಬೇಡವೆ? ಪಂತುಲುಗಳು ತಾವೇ ಮೆಚ್ಚಿಕೊಂಡ ವೈಜಯಂತೀವಿಲಾಸದಲ್ಲಿ ಇದಕ್ಕಿಂತ ಬಿಚ್ಚಾದ ವರ್ಣನೆ ಇದೆಯಲ್ಲ, ಅದನ್ನು ಬರೆದವನು ಗಂಡಸಾದ್ದರಿಂದ ಅದು ಶುದ್ಧವೋ? ವೇಶ್ಯೆಯಾದವಳಿಗೆ ಶೃಂಗಾರ ಬರೆಯಲು ಸಂಕೋಚವಿಲ್ಲ ಎನ್ನುವುದಾದರೆ, ಸಂಭಾವಿತ ಗಂಡಸರು ಅದನ್ನೇ ಬರೆದದ್ದು ಹೇಗೆ? ಹೀಗೆ ಒಂದರ ಮೇಲೊಂದು. ಗೌರವ ಬಿಡದೆ, ಆದರೆ ಒಂದು ಅಂಗುಲವೂ ಹಿಂದೆ ಸರಿಯದೆ.

ಸ್ನೇಹಿತೆ ಆ ಮುನ್ನುಡಿಯನ್ನು ಓದಿ ಹೇಳುತ್ತಿದ್ದಾಗ ನನ್ನ ಕಿವಿಯಲ್ಲಿ ತಟ್ಟೆಯ ದನಿಯೇ ಇತ್ತು. ಎರಡೂ ಒಂದೇ ಗಂಟಲಿನಿಂದ ಬಂದವು ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಹಾಡಿನಲ್ಲಿ ಅಕ್ಷರವನ್ನು ನುಂಗದ ಹೆಂಗಸು ಗದ್ಯದಲ್ಲಿ ವಾದವನ್ನು ನುಂಗುತ್ತಾಳೆಯೆ?

ಮುಂದಾದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಒಬ್ಬ ವೇಶ್ಯೆ ಬರೆದದ್ದನ್ನು ಇನ್ನೊಬ್ಬ ವೇಶ್ಯೆ ತಿದ್ದಿ ಅಚ್ಚು ಹಾಕಿಸಿದ್ದಾಳೆ ಎಂದು 1911ರಲ್ಲಿ ತೆಲುಗು ಪತ್ರಿಕೆಯೊಂದು ಬರೆಯಿತು. ದೂರು ಸರ್ಕಾರಕ್ಕೆ ಹೋಯಿತು. ಅಶ್ಲೀಲವೆಂಬ ಆಪಾದನೆಯ ಮೇಲೆ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಪಂಡಿತರು ಪುಸ್ತಕದ ಪರವಾಗಿ ಮನವಿ ಕೊಟ್ಟರು, ಉಪಯೋಗವಾಗಲಿಲ್ಲ, ಪುಸ್ತಕಕ್ಕೆ ನಿಷೇಧ ಬಿತ್ತು. ಇಂಗ್ಲಿಷ್ ದೊರೆಗಳು ಕಾವ್ಯವನ್ನು ತಾವಾಗಿ ಓದಿದವರಲ್ಲ, ಓದಿ ತಪ್ಪು ಹುಡುಕಿಕೊಟ್ಟವರು ನಮ್ಮವರೇ. ನಿಷೇಧ ತೆಗೆದದ್ದು ಮೂರು ದಶಕ ದಾಟಿದ ಮೇಲೆ, ಟಂಗುಟೂರಿ ಪ್ರಕಾಶಂ ಮದ್ರಾಸಿನ ಪ್ರಧಾನಿಯಾಗಿದ್ದಾಗ. ಕಾಚಿಗುಡದ ಪೆಟ್ಟಿಗೆಯಲ್ಲಿದ್ದ ಸೂರ್ಯಕುಮಾರಿ ಅದೇ ಪ್ರಕಾಶಂ ಅವರ ಅಣ್ಣತಮ್ಮಂದಿರ ಮನೆಯ ಮಗಳು. ಎರಡು ತಟ್ಟೆಗಳೂ ಒಂದೇ ಪೆಟ್ಟಿಗೆಯಲ್ಲಿ ಎಷ್ಟೋ ವರ್ಷ ಜೊತೆಗಿದ್ದವು. 1952ರಲ್ಲಿ ವಾವಿಳ್ಳದವರು ಪುಸ್ತಕವನ್ನು ಮತ್ತೆ ಅಚ್ಚು ಹಾಕಿದರು.

ಇದನ್ನೆಲ್ಲ ತಿಳಿದುಕೊಂಡ ಮೇಲೆ ತಿರುವಯ್ಯಾರಿನ ಕತೆಯೂ ನನಗೆ ಬೇರೆಯಾಗಿ ಕೇಳಿಸಿತು. ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿ 6ರಂದು. ಕಾವೇರಿಯ ದಡದ ಅವರ ಸಮಾಧಿ ಹಾಳುಬಿದ್ದಿರುವುದನ್ನು ನಾಗರತ್ನಮ್ಮನವರಿಗೆ ಬರೆದು ತಿಳಿಸಿದವರು ಅವರ ಗುರು, ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ನಾಗರತ್ನಮ್ಮ 1921ರಲ್ಲಿ ಅಲ್ಲಿ ಕೆಲಸ ಶುರುಮಾಡಿಸಿದರು, 1926ರ ಜನವರಿಯಲ್ಲಿ ಪ್ರತಿಷ್ಠೆಯಾಯಿತು. ದುಡ್ಡು ಅವರದು, ಜಾಗಕ್ಕಾಗಿ ಅಲೆದದ್ದು ಅವರು, ಕಲ್ಲು ಕಟ್ಟಿಸಿದ್ದು ಅವರು. ಆದರೆ ಆರಾಧನೆ ನಡೆಸುತ್ತಿದ್ದ ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂಬ ಎರಡು ಬಣಗಳಲ್ಲಿ ಯಾವುದೂ ಹೆಂಗಸರಿಗೆ ಹಾಡಲು ಅವಕಾಶ ಕೊಡುತ್ತಿರಲಿಲ್ಲ. ಗುಡಿ ಕಟ್ಟಿಸಿದವಳಿಗೆ ಅದೇ ಗುಡಿಯ ಮುಂದೆ ಹಾಡಲು ಅನುಮತಿಯಿಲ್ಲ!

ಅತ್ತು ಕೂರಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಹೆಂಗಸರದೇ ಮೂರನೆಯ ಬಣ ಕಟ್ಟಿದರು. ಸಮಾಧಿಯ ಹಿಂಭಾಗದಲ್ಲಿ ಹೆಣ್ಣುಮಕ್ಕಳ ಹಾಡು, ಹರಿಕತೆ ಶುರುವಾಯಿತು. ದೇವದಾಸಿ ಕಲಾವಿದೆಯರು ಊರೂರಿನಿಂದ ಬಂದರು. 1940ರ ಹೊತ್ತಿಗೆ ಬಣಗಳೆಲ್ಲ ಒಂದಾಗಿ, ಹೆಂಗಸರು ಗಂಡಸರ ಸರಿಸಮ ಕುಳಿತು ಹಾಡುವ ಕಾಲ ಬಂತು. ಇಂದು ಟಿವಿಯಲ್ಲಿ ಕಾಣುವ ಸಾಲುಸಾಲು ಗಾಯಕಿಯರಲ್ಲಿ ಪ್ರತಿಯೊಬ್ಬರೂ ಆ ಮೂರನೆಯ ಬಣದ ಋಣದಲ್ಲಿದ್ದಾರೆ. ನಾವು ಅವರನ್ನು ಭಕ್ತೆ ಎಂದು ಮಾತ್ರ ಕರೆದು ಈ ಹೋರಾಟವನ್ನು ನುಣ್ಣಗೆ ಮಾಡಿಬಿಟ್ಟಿದ್ದೇವೆ. ಸಂತನ ಸಮಾಧಿ ಉಳಿಸಿದ ಕೈಯೂ ಮುದ್ದುಪಳನಿಯ ಪದ್ಯ ಉಳಿಸಿದ ಕೈಯೂ ಒಂದೇ. ಮೊದಲನೆಯದಕ್ಕೆ ಮಾಲೆ ಹಾಕಿ ಎರಡನೆಯದನ್ನು ಮರೆತರೆ ಅದು ಅರೆಮನಸ್ಸಿನ ಗೌರವ.

ಅವರು ಹೇಳಿದ್ದೆಲ್ಲವನ್ನೂ ನಾನು ಒಪ್ಪುತ್ತೇನೆಂದಲ್ಲ. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸ್ ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಠರಾವು ತಂದಾಗ ನಾಗರತ್ನಮ್ಮ ದೇವದಾಸಿಯರ ಸಂಘ ಕಟ್ಟಿ, ಅದರ ಅಧ್ಯಕ್ಷೆಯಾಗಿ ಸರ್ಕಾರಕ್ಕೆ ಮನವಿ ಕೊಟ್ಟರು. ದೇವದಾಸಿಯರನ್ನು ಸೂಳೆಯರೊಡನೆ ಒಂದೇ ಮಾಡಬೇಡಿ, ನಮ್ಮದು ವಿದ್ಯೆಯ ಪರಂಪರೆ, ಕಾನೂನಿಗಿಂತ ಮೊದಲು ನಮ್ಮ ಹೆಣ್ಣುಮಕ್ಕಳಿಗೆ ಶಿಕ್ಷಣ ಕೊಡಿ ಎಂಬುದು ಅದರ ಸಾರ. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಸಮುದಾಯದವರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳ ಜಗಳವೆನ್ನಬಹುದು. ಸವದತ್ತಿಯ ಎಲ್ಲಮ್ಮನಿಗೆ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿದ್ದನ್ನೂ ತೆಲಂಗಾಣದ ಹಳ್ಳಿಗಳ ಜೋಗಿನಿಯರ ಪಾಡನ್ನೂ ಬಲ್ಲವರಿಗೆ ಆ ಕಾನೂನು ಬೇಕಿತ್ತೆನ್ನುವುದರಲ್ಲಿ ಸಂಶಯವಿರದು. ಕರ್ನಾಟಕದಲ್ಲಿ 1982ರಲ್ಲಿ, ಆಂಧ್ರದಲ್ಲಿ 1988ರಲ್ಲಿ ಹೊಸ ಕಾಯಿದೆಗಳನ್ನೇ ತರಬೇಕಾಯಿತು. ಕಾನೂನಿನ ವಿಷಯದಲ್ಲಿ ನಾನು ಮುತ್ತುಲಕ್ಷ್ಮಿಯವರ ಪಕ್ಷ. ಆದರೆ ಸುಧಾರಣೆಯ ಹೆಸರಿನಲ್ಲಿ ಆ ಹೆಂಗಸರ ವಿದ್ಯೆಯನ್ನು ಕಿತ್ತುಕೊಂಡು, ಅದೇ ಹಾಡನ್ನೂ ನೃತ್ಯವನ್ನೂ ಸಂಭಾವಿತರ ಮನೆಗೆ ದಾಟಿಸಿ, ಕಲಿಸಿದವರ ಹೆಸರನ್ನೇ ಅಳಿಸಿದೆವಲ್ಲ, ಆ ಅನ್ಯಾಯವನ್ನು ನಾಗರತ್ನಮ್ಮ ಮುಂಚೆಯೇ ಕಂಡಿದ್ದರು. ಅದನ್ನು ಬಾಯಿಬಿಟ್ಟು ಹೇಳಿದವರು ಬೆರಳೆಣಿಕೆಯಷ್ಟು ಮಂದಿ.

ಕೊನೆಗಾಲವನ್ನು ಅವರು ತಿರುವಯ್ಯಾರಿನಲ್ಲೇ ಕಳೆದರು. ಆಸ್ತಿಯನ್ನೆಲ್ಲ ಸಮಾಧಿಯ ಸೇವೆಗೆ ಬರೆದಿಟ್ಟರು. ಅಲ್ಲಿ ಹೆಂಗಸರಿಗೆ, ದೇವದಾಸಿಯರಿಗೆ ಪೂಜೆಗೂ ಹಾಡಿಗೂ ಅಡ್ಡಿಯಿರಬಾರದು ಎಂದು ಪತ್ರದಲ್ಲೇ ಕಾಣಿಸಿದರು. 1952ರ ಮೇ 19ರಂದು ತೀರಿಕೊಂಡರು. ತ್ಯಾಗರಾಜರ ಸಮಾಧಿಗೆ ಎದುರಾಗಿ ಅವರ ಸಮಾಧಿಯೂ ಇದೆ, ಕೈಮುಗಿದು ಕುಳಿತ ಅವರ ವಿಗ್ರಹವೂ ಇದೆ. ವಿ. ಶ್ರೀರಾಮ್ 2007ರಲ್ಲಿ ಅವರ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕ ಬರೆದರು. ಮುದ್ದುಪಳನಿಯ ಕಾವ್ಯ 2011ರಲ್ಲಿ ಇಂಗ್ಲಿಷಿಗೆ ಬಂತು.

ಕಾಚಿಗುಡದ ಹಿರಿಯರು ಸಂಗ್ರಹವನ್ನು ಮಾರಲಿಲ್ಲ. ಮಗಳ ಮನೆಯ ಒಂದು ಕೋಣೆಗೆ ಸಾಗಿಸಿದ್ದಾರೆ. ನಾಗರತ್ನಮ್ಮನವರ ತಟ್ಟೆಯನ್ನು ತೊಳೆದು, ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡೆವು. ಅದನ್ನು ಕೇಳಿದ ಸ್ನೇಹಿತೆಯ ವಿದ್ಯಾರ್ಥಿನಿಯರು ಹಾಡು ಮುಗಿದ ಮೇಲೆ ಕೇಳಿದ್ದು ರಾಗದ ಬಗ್ಗೆಯಲ್ಲ, ಮುನ್ನುಡಿಯ ಬಗ್ಗೆ. ನನಗೆ ಬಹಳ ಸಂತೋಷವಾಯಿತು.

ಓದುಗರಲ್ಲಿ ನನ್ನದೊಂದು ಬೇಡಿಕೆ. ಹೈದರಾಬಾದಿರಲಿ, ಹುಬ್ಬಳ್ಳಿಯಿರಲಿ, ಮೈಸೂರಿರಲಿ, ಅಜ್ಜಿ ತಾತಂದಿರ ಮನೆ ಖಾಲಿ ಮಾಡುವಾಗ ಭಾರವಾದ ಕಪ್ಪು ತಟ್ಟೆಗಳು ಸಿಕ್ಕರೆ ತೂಕಕ್ಕೆ ಹಾಕಬೇಡಿ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಈ ತಟ್ಟೆಗಳನ್ನು ಎಲ್‌ಪಿಯ ಮುಳ್ಳಿನಲ್ಲಿ ನುಡಿಸಬೇಡಿ, ಇವುಗಳ ಗೀರು ಅಗಲವಾದದ್ದು, ಬೇರೆ ಮುಳ್ಳು ಬೇಕು. ಒರೆಸಲು ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗಿಹೋಗುತ್ತದೆ. ಲೇಬಲ್ಲಿಗೆ ತಾಗದಂತೆ ತಣ್ಣೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸಿ, ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ವಿಕ್ರಂ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥವರು ಇಂಥ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ಇಳಿಸಿದ್ದಾರೆ, ಅವರಿಗೆ ತಿಳಿಸಿ. ಎಲ್ಲಕ್ಕಿಂತ ಮೊದಲು ಲೇಬಲ್ಲಿನ ಹೆಸರು ಓದಿ. ಆ ಹೆಸರು ಒಬ್ಬ ಹೆಂಗಸಿನದಾದರೆ, ಅವಳು ಹಾಡಿದ್ದನ್ನು ಕೇಳಿ ಮುಗಿಸಿದ ಮೇಲೆ ಅವಳು ಏನು ಹೇಳಿದಳು, ಏನು ಬರೆದಳು, ಯಾರನ್ನು ಪ್ರಶ್ನಿಸಿದಳು ಎಂದು ಹುಡುಕಿ. ನಾಗರತ್ನಮ್ಮನವರಿಂದಲೇ ಶುರುಮಾಡುವುದಾದರೆ, 1910ರ ಆ ಮುನ್ನುಡಿಯನ್ನು ತೆಲುಗು ಬಲ್ಲ ಗೆಳೆಯರೊಬ್ಬರ ಪಕ್ಕ ಕುಳಿತು ಒಮ್ಮೆ ಪೂರ್ತಿ ಓದಿಸಿಕೊಳ್ಳಿ.